‘ಮಾರ್ಜಿನ್’ ಎಂಬ ಪದದ ಅರ್ಥ ಮತ್ತು ಮೂಲ

೧

ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯನ್ನು ಸಿದ್ಧಪಡಿಸುವಾಗ ನಾವು ಪ್ರತಿಯೊಂದು ಕಟ್ಟಿಗೂ ಗರಿಗಳ ಸಂಖ್ಯೆ, ಉದ್ದ, ಅಗಲ, ಪುಟವೊಂದರ ಪಂಕ್ತಿಗಳು, ಪಂಕ್ತಿಯೊಂದರ ಅಕ್ಷರಗಳು ಎಂದು ಕ್ರಮವಾಗಿ ಬರೆಯುತ್ತ ಹೋಗುತ್ತೇವೆ. ಆ ಕೋಷ್ಟಕದಲ್ಲಿ ‘ಮಾರ್ಜಿನ್’ ಎಂಬುದೂ ಒಂದು ಅಂಕಣ. ಎಡಬಲಗಳಲ್ಲಿ ಬರೆಯದೆ ಬಿಟ್ಟ ಸ್ಥಳದ ಅಳತೆಯನ್ನು ಅಲ್ಲಿ ತುಂಬಿ ಮುಂದೆ ಸಾಗುವುದು ರೂಢಿ. ಈಚೆಗೆ ನನ್ನೊಡನೆ ಕೆಲಸ ಮಾಡುತ್ತಿರುವ ತರುಣ ವಿದ್ಯಾರ್ಥಿಯೊಬ್ಬರು ಒಂದು ತಾಡಪತ್ರ ಪ್ರತಿಯ ವಿವರಗಳನ್ನು ಬರೆದು ತಂದರು. ಅಳತೆಗಳೆಲ್ಲ ಸರಿಯಾಗಿದ್ದವು. ಆದರೆ ಗರಿಗಳ ಅಂಚಿನಲ್ಲಿ ಅಲ್ಲಲ್ಲಿ ಕೊರೆದಿದ್ದ ಸಣ್ಣ ಅಕ್ಷರಗಳ ವಿಷಯವಾಗಿ ಒಂದು ಮಾತೂ ಇರಲಿಲ್ಲ. ಕಾರಣ ಕೇಳಿದಾಗ, ‘ಅವು ಮಾರ್ಜಿನಲ್ ಆದವು, ಗ್ರಂಥಭಾಗವಲ್ಲ, ಗೌಣ’ ಎಂಬ ಉತ್ತರ ಬಂದಿತು.

ಈ ಉತ್ತರ ಅವರೊಬ್ಬರದೇ ಅಲ್ಲ. ‘ಮಾರ್ಜಿನಲ್’ ಎಂದರೆ ಅಮುಖ್ಯವಾದುದು, ಲೆಕ್ಕಕ್ಕೆ ಬಾರದುದು ಎಂಬ ಅರ್ಥ ಇಂದು ಎಲ್ಲೆಡೆ ರೂಢವಾಗಿದೆ. ಕನ್ನಡದಲ್ಲಿಯೂ ‘ಅಂಚಿಗೆ ತಳ್ಳಲ್ಪಟ್ಟವರು’, ‘ಅಂಚಿನ ಸಮುದಾಯಗಳು’ ಎಂಬ ಪ್ರಯೋಗಗಳು ಆ ಅರ್ಥದ ಛಾಯೆಯಲ್ಲಿಯೇ ಹುಟ್ಟಿವೆ. ಹೀಗೆ ಒಂದು ಪದ ತನ್ನ ಇತ್ತೀಚಿನ ಅರ್ಥವನ್ನು ಹೊತ್ತುಕೊಂಡು ನಮ್ಮ ಶಾಸ್ತ್ರದೊಳಕ್ಕೆ ಬಂದರೆ, ಅದು ನಮ್ಮ ಕಣ್ಣನ್ನೂ ಒಂದು ಕಡೆಗೆ ತಿರುಗಿಸಿಬಿಡುತ್ತದೆ. ಆದ್ದರಿಂದ ಈ ಪದ ಎಲ್ಲಿಂದ ಬಂದಿತು, ಮೊದಲು ಯಾವ ಅರ್ಥದಲ್ಲಿತ್ತು, ಈಗಿನ ಅರ್ಥ ಅದಕ್ಕೆ ಯಾವಾಗ ಅಂಟಿತು ಎಂಬುದನ್ನು ವಿಚಾರಿಸುವುದು ಹಸ್ತಪ್ರತಿಗಳಲ್ಲಿ ಪರಿಶ್ರಮ ಮಾಡುವವರಿಗೆ ಅಪ್ರಸ್ತುತವಾಗಲಾರದು.

೨

ಮೊದಲು ಒಂದು ಭ್ರಾಂತಿಯನ್ನು ಪರಿಹರಿಸಿಕೊಳ್ಳಬೇಕು. ಸಂಸ್ಕೃತ ಬಲ್ಲವರ ಕಿವಿಗೆ ‘ಮಾರ್ಜಿನ್’ ಎಂದೊಡನೆ ‘ಮಾರ್ಜನ’ ನೆನಪಾಗುತ್ತದೆ. ಒರೆಸಿ ಶುದ್ಧಗೊಳಿಸಿದ ಖಾಲಿ ಸ್ಥಳವೇ ಮಾರ್ಜಿನ್ ಎಂದು ಅರ್ಥವನ್ನು ಹೊಂದಿಸುವುದೂ ಸುಲಭ. ಬದಿಯ ದಾರಿ ಎಂದುಕೊಂಡು ‘ಮಾರ್ಗ’ ಶಬ್ದದೊಡನೆ ಸೇರಿಸುವವರೂ ಉಂಟು. ಎರಡೂ ಸಲ್ಲುವುದಿಲ್ಲ. ಮಾರ್ಜನವು ‘ಮೃಜ್’ ಧಾತುವಿನಿಂದ ಬಂದುದು. ಆ ಧಾತುವಿಗೆ ಸಂವಾದಿಯೆಂದು ಹೇಳುವ ಗ್ರೀಕ್ ರೂಪದ ಆದಿಯಲ್ಲಿ ಒಂದು ಸ್ವರವಿದೆ. ಅದರ ಅರ್ಥವೂ ಒರೆಸುವುದೇ. ‘ಮಾರ್ಜಿನ್’ ಪದದ ವರ್ಗವು ಅದಕ್ಕಿಂತ ಬೇರೆ, ಅದರ ಅರ್ಥವೂ ಬೇರೆ. ಮಾರ್ಗ ಶಬ್ದವಂತೂ ಹುಡುಕುವುದು, ಜಾಡು ಹಿಡಿಯುವುದು ಎಂಬ ಅರ್ಥದ ಕಡೆಗೆ ಸೇರಿದುದು. ಧ್ವನಿಸಾಮ್ಯವೊಂದೇ ವ್ಯುತ್ಪತ್ತಿಗೆ ಸಾಕಾಗುವುದಿಲ್ಲ. ಇಂಗ್ಲಿಷಿನಲ್ಲಿಯೇ ‘ಮಾರ್ಗರಿನ್’ ಎಂಬ ಪದವಿದೆ. ಕೇಳಲು ‘ಮಾರ್ಜಿನ್’ ಪದದ ಬಂಧುವಿನಂತಿದ್ದರೂ ಅದು ಮುತ್ತು ಎಂಬರ್ಥದ ಗ್ರೀಕ್ ಪದದಿಂದ ಬಂದುದು.

ಇಂಗ್ಲಿಷಿನ ‘ಮಾರ್ಜಿನ್’ ಲ್ಯಾಟಿನ್ ಭಾಷೆಯ ‘ಮಾರ್ಗೊ’ ಎಂಬ ಪದದಿಂದ ಬಂದಿದೆ. ಈ ನಾಮಪದದ ಷಷ್ಠಿಯ ರೂಪ ‘ಮಾರ್ಗಿನಿಸ್’. ಇಂಗ್ಲಿಷ್ ರೂಪದಲ್ಲಿ ಕಾಣುವ ನಕಾರ ಅಲ್ಲಿಂದ ಬಂದುದು. ದಡ, ಅಂಚು, ಎಲ್ಲೆ ಎಂಬುವು ಅದರ ಅರ್ಥಗಳು. ಇದಕ್ಕೆ ಮೂಲವಾಗಿ ಇಂಡೋ-ಯುರೋಪಿಯನ್ ಭಾಷಾಶಾಸ್ತ್ರಜ್ಞರು ‘ಮೆರ್ಗ್’ ಎಂಬ ಧಾತುವನ್ನು ಕಲ್ಪಿಸಿದ್ದಾರೆ. ಅದರ ಅರ್ಥ ಗಡಿ, ಸೀಮೆ. ಲ್ಯಾಟಿನ್ನಿನ ಗಕಾರ ಜರ್ಮಾನಿಕ್ ಭಾಷೆಗಳಲ್ಲಿ ಕಕಾರವಾಗುವುದು ನಿಯಮ. ಆದ್ದರಿಂದ ಲ್ಯಾಟಿನ್ನಿನ ‘ಮಾರ್ಗೊ’ ಪದದ ಸೋದರರೂಪ ಹಳೆಯ ಇಂಗ್ಲಿಷಿನಲ್ಲಿ ‘ಮೆಆರ್ಕ್’ ಎಂದಿದೆ. ಅದೇ ಇಂದಿನ ‘ಮಾರ್ಕ್’. ನಾವು ಗುರುತು ಎಂದು ಅರ್ಥೈಸುವ ಆ ಪದಕ್ಕೆ ಮೊದಲಿದ್ದ ಅರ್ಥ ಗಡಿ. ಗಡಿಯಲ್ಲಿ ನೆಟ್ಟ ಕಲ್ಲು, ಕೊರೆದ ಚಿಹ್ನೆ ಎಂಬ ಅರ್ಥಗಳ ಮೂಲಕ ಅದು ಗುರುತು ಎಂಬ ಅರ್ಥಕ್ಕೆ ಬಂದಿತು. ಇರಾನೀ ಶಾಖೆಯಲ್ಲಿ ಈ ವರ್ಗಕ್ಕೆ ಸೇರಿದುದು ಪಾರಸಿಯ ‘ಮರ್ಜ್’. ಅದರ ಅರ್ಥವೂ ಗಡಿಯೇ. ಸಾಸಾನಿ ಅರಸರ ಕಾಲದಲ್ಲಿ ಗಡಿನಾಡನ್ನು ಕಾಯುವ ಅಧಿಕಾರಿಗೆ ‘ಮರ್ಜ್‌ಬಾನ್’ ಎಂಬ ಹೆಸರಿತ್ತು.

ಹೀಗೆ ‘ಮಾರ್ಜಿನ್’ ಮತ್ತು ‘ಮಾರ್ಕ್’ ಒಂದೇ ಮನೆಯ ಮಕ್ಕಳು. ಒಂದು ಲ್ಯಾಟಿನ್ನಿನ ದಾರಿಯಲ್ಲಿಯೂ ಇನ್ನೊಂದು ಜರ್ಮಾನಿಕ್ ದಾರಿಯಲ್ಲಿಯೂ ಬಂದು ಇಂಗ್ಲಿಷಿನಲ್ಲಿ ಮತ್ತೆ ಕೂಡಿಕೊಂಡಿವೆ. ಗರಿಯ ಅಂಚಿನಲ್ಲಿ ಲಿಪಿಕಾರನು ಒಂದು ಚಿಹ್ನೆಯನ್ನು ಇಟ್ಟಾಗ ಈ ಎರಡು ಪದಗಳು ಒಂದೇ ಸ್ಥಳದಲ್ಲಿ ಸೇರುತ್ತವೆ ಎಂಬುದು ಗಮನಾರ್ಹ.

೩

ಅಂಚು ಎಂಬರ್ಥದ ಪದಗಳು ಇಂಗ್ಲಿಷಿನಲ್ಲಿ ಇನ್ನೂ ಹಲವು ಇವೆ. ಅವುಗಳೊಡನೆ ಹೋಲಿಸಿದಾಗ ‘ಮಾರ್ಜಿನ್’ ಪದದ ವಿಶೇಷಾರ್ಥ ಸ್ಪಷ್ಟವಾಗುತ್ತದೆ. ‘ಎಡ್ಜ್’ ಎಂಬುದು ಮೂಲತಃ ಕತ್ತಿಯ ಅಲಗು. ಅದಕ್ಕೆ ಸಂಬಂಧಿಸಿದ ಸಂಸ್ಕೃತ ಶಬ್ದ ‘ಅಶ್ರಿ’. ಚತುರಶ್ರ ಎಂಬಲ್ಲಿ ನಾವು ಅದನ್ನು ಕಾಣುತ್ತೇವೆ. ‘ವರ್ಜ್’ ಎಂಬುದು ಕೋಲು ಎಂಬರ್ಥದ ಲ್ಯಾಟಿನ್ ಪದದಿಂದ ಬಂದು, ಅಧಿಕಾರದಂಡ ನಡೆಯುವ ವ್ಯಾಪ್ತಿಯನ್ನು ಸೂಚಿಸಿತು. ‘ಎಡ್ಜ್’ ಒಂದು ರೇಖೆ. ವಸ್ತು ಅಲ್ಲಿಗೆ ಮುಗಿಯುತ್ತದೆ. ‘ಮಾರ್ಜಿನ್’ ರೇಖೆಯಲ್ಲ, ಪಟ್ಟಿ, ಅದಕ್ಕೆ ಅಗಲವಿದೆ. ನದಿಯ ದಡದಂತೆ, ಎರಡು ನಾಡುಗಳ ನಡುವಣ ಗಡಿಪ್ರದೇಶದಂತೆ, ಅದರ ಮೇಲೆ ನಿಲ್ಲಬಹುದು, ನಡೆಯಬಹುದು, ಏನನ್ನಾದರೂ ಇಡಬಹುದು.

ಲ್ಯಾಟಿನ್ ಗ್ರಂಥಗಳಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವೊಂದಿದೆ. ಇತಿಹಾಸಕಾರ ಲಿವಿಯು ಕ್ರಿ.ಪೂ. ೧೭೪ರ ರೋಮಿನ ಸೆನ್ಸರ್ ಅಧಿಕಾರಿಗಳ ಕಾರ್ಯವನ್ನು ವರ್ಣಿಸುತ್ತ, ನಗರದೊಳಗಿನ ಬೀದಿಗಳಿಗೆ ಕಲ್ಲು ಹಾಸಿಸಿದರೆಂದೂ, ಹೊರಗಿನ ರಸ್ತೆಗಳಿಗೆ ಜಲ್ಲಿ ಹಾಕಿಸಿ ಅಂಚು ಕಟ್ಟಿಸಿದರೆಂದೂ ಹೇಳುತ್ತಾನೆ. ಅಂಚು ಕಟ್ಟುವುದು ಎಂಬಲ್ಲಿ ಅವನು ಬಳಸಿರುವುದು ‘ಮಾರ್ಗೊ’ ಪದದಿಂದ ಹುಟ್ಟಿದ ಕ್ರಿಯಾಪದವನ್ನು. ರಸ್ತೆಗೆ ಅಂಚು ಕಟ್ಟುವುದು ಶೋಭೆಗಾಗಿ ಅಲ್ಲ. ಅಂಚಿಲ್ಲದ ರಸ್ತೆಯ ಜಲ್ಲಿ ಎರಡು ಮಳೆಗಾಲಗಳಲ್ಲಿ ಹರಡಿಹೋಗುತ್ತದೆ. ನಡುವನ್ನು ನಡುವಾಗಿ ಉಳಿಸುವುದು ಅಂಚು.

ರಾಜ್ಯಗಳ ವಿಷಯದಲ್ಲಿಯೂ ಹೀಗೆಯೇ. ‘ಮಾರ್ಕ್’ ವರ್ಗದ ಪದವು ಫ್ರೆಂಚಿನ ಮೂಲಕ ‘ಮಾರ್ಚ್’ ಎಂಬ ರೂಪದಲ್ಲಿ ಇಂಗ್ಲಿಷಿಗೆ ಬಂದು ಗಡಿನಾಡು ಎಂಬ ಅರ್ಥವನ್ನು ಪಡೆಯಿತು. (ಮಾರ್ಚ್ ತಿಂಗಳ ಹೆಸರು ಬೇರೆ, ಅದು ರೋಮನ್ನರ ಯುದ್ಧದೇವತೆಯಿಂದ ಬಂದುದು.) ಆಂಗ್ಲೋ-ಸ್ಯಾಕ್ಸನ್ ರಾಜ್ಯಗಳಲ್ಲೊಂದಾದ ಮರ್ಸಿಯದ ಹೆಸರಿಗೆ ಗಡಿಯ ಜನರು ಎಂದರ್ಥ. ಡೆನ್ಮಾರ್ಕ್ ಎಂಬ ದೇಶನಾಮದ ಉತ್ತರಪದವೂ ಇದೇ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ನಡುವಣ ‘ಮಾರ್ಚ್’ ಪ್ರದೇಶದ ಒಡೆಯರಿಗೆ ಇತರ ಪ್ರಭುಗಳಿಗಿಲ್ಲದ ವಿಶೇಷಾಧಿಕಾರಗಳಿದ್ದವು. ೧೫೩೬ರ ಶಾಸನವು ಆ ವ್ಯವಸ್ಥೆಯನ್ನು ಕೊನೆಗಾಣಿಸಿತು. ಜರ್ಮನಿಯ ‘ಮಾರ್ಕ್‌ಗ್ರಾಫ್’, ಫ್ರಾನ್ಸಿನ ‘ಮಾರ್ಕಿ’, ಇಂಗ್ಲೆಂಡಿನ ‘ಮಾರ್ಕ್ವಿಸ್’ ಎಂಬ ಬಿರುದುಗಳೆಲ್ಲ ಗಡಿನಾಡಿನ ಒಡೆಯ ಎಂಬ ಅರ್ಥದವು. ಇಂಗ್ಲೆಂಡಿನಲ್ಲಿ ಈ ಬಿರುದನ್ನು ಮೊದಲು ಕೊಟ್ಟದ್ದು ೧೩೮೫ರಲ್ಲಿ. ಪ್ರಭುವರ್ಗದಲ್ಲಿ ಅದರ ಸ್ಥಾನ ಡ್ಯೂಕನ ಕೆಳಗೆ, ಅರ್ಲನ ಮೇಲೆ. ಗಡಿಯಲ್ಲಿರುವವನು ಸಾಮಾನ್ಯ ಪ್ರಭುವಿಗಿಂತ ಹಿರಿಯನೆಂದು ಎಣಿಸಲಾಯಿತೇ ಹೊರತು ಕಿರಿಯನೆಂದಲ್ಲ. ಅಪಾಯ ಮೊದಲು ಬರುವುದು ಅವನ ಬಾಗಿಲಿಗೆ. ನಾಡಿನ ರಕ್ಷಣೆ ಅವನ ಹೊಣೆ.

೪

ಪುಸ್ತಕದ ಅಂಚು ಎಂಬ ಅರ್ಥವೂ ಪ್ರಾಚೀನವಾದುದೇ. ಒಂದನೆಯ ಶತಮಾನದ ಅಂತ್ಯ ಮತ್ತು ಎರಡನೆಯ ಶತಮಾನದ ಆದಿಯಲ್ಲಿದ್ದ ವಿಡಂಬನಕವಿ ಜುವೆನಾಲ್, ಸುರುಳಿಯ ಅಂಚುಗಳನ್ನೆಲ್ಲ ತುಂಬಿ ಬೆನ್ನಿನ ಮೇಲೂ ಬರೆದು ಇನ್ನೂ ಮುಗಿಯದ ಒಂದು ನಾಟಕವನ್ನು ಹಾಸ್ಯಮಾಡುತ್ತಾನೆ. ಅಲ್ಲಿ ಅವನ ಪದ ‘ಮಾರ್ಗೊ’. ಇಂಗ್ಲಿಷಿನಲ್ಲಿ ‘ಮಾರ್ಜಿನ್’ ಹದಿನಾಲ್ಕನೆಯ ಶತಮಾನದಿಂದ ಕಾಣಿಸಿಕೊಳ್ಳುತ್ತದೆ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ‘ಮಾರ್ಜೆಂಟ್’ ಎಂಬ ರೂಪವೂ ವಿಪುಲವಾಗಿ ಬಳಕೆಯಲ್ಲಿತ್ತು. ಅದರ ಕೊನೆಯ ಟಕಾರ ಮೂಲದಲ್ಲಿಲ್ಲ. ನಾಲಗೆಯ ರೂಢಿಯಿಂದ ಸೇರಿಕೊಂಡುದು. ಫ್ರೆಂಚಿನಿಂದ ಬಂದ ‘ಮಾರ್ಜ್’ ಎಂಬ ಇನ್ನೊಂದು ರೂಪ ಕಾವ್ಯಭಾಷೆಯಲ್ಲಿ ಉಳಿಯಿತು.

ಯುರೋಪಿನ ಮಧ್ಯಯುಗದ ಗ್ರಂಥಗಳಲ್ಲಿ ಅಂಚು ಖಾಲಿ ಸ್ಥಳವಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧವಾದ ‘ಗ್ಲೊಸಾ ಆರ್ಡಿನೇರಿಯ’ ಎಂಬ ಬೈಬಲ್ ವ್ಯಾಖ್ಯಾನದಲ್ಲಿ ಮೂಲವು ಪುಟದ ನಡುವೆ ದೊಡ್ಡ ಅಕ್ಷರಗಳಲ್ಲಿಯೂ, ವ್ಯಾಖ್ಯಾನವು ಅಂಚುಗಳಲ್ಲಿ ಮತ್ತು ಪಂಕ್ತಿಗಳ ನಡುವೆ ಸಣ್ಣ ಅಕ್ಷರಗಳಲ್ಲಿಯೂ ಇರುತ್ತದೆ. ಹದಿಮೂರನೆಯ ಶತಮಾನದಲ್ಲಿ ಬೊಲೋನ್ಯದ ಅಕುರ್ಸಿಯಸ್ ಎಂಬ ನ್ಯಾಯಪಂಡಿತನು ರೋಮನ್ ನ್ಯಾಯಗ್ರಂಥಗಳಿಗೆ ರಚಿಸಿದ ವ್ಯಾಖ್ಯಾನವೂ ಹೀಗೆಯೇ ಮೂಲವನ್ನು ಸುತ್ತುವರಿದಿದೆ. ಓದುಗನು ಮೂಲವನ್ನು ಪ್ರವೇಶಿಸುತ್ತಿದ್ದುದು ಅಂಚಿನ ಮೂಲಕ.

ಇದಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆಯುವುದು ಹೀಬ್ರೂ ಧರ್ಮಗ್ರಂಥದ ಪಾಠಪರಂಪರೆ. ಏಳನೆಯ ಶತಮಾನದಿಂದ ಹತ್ತನೆಯ ಶತಮಾನದವರೆಗೆ ಟೈಬೀರಿಯಸ್ ಮೊದಲಾದ ಕಡೆಗಳಲ್ಲಿ ‘ಮಸೋರ’ ಪಂಡಿತರು ಆ ಗ್ರಂಥದ ಪಾಠವನ್ನು ಕಾಪಾಡಿದರು. ಯಾವ ರೂಪ ಗ್ರಂಥದಲ್ಲಿ ಎಷ್ಟು ಸಲ ಬಂದಿದೆ ಎಂಬ ಎಣಿಕೆಯನ್ನು ಅವರು ಅಂಚಿನಲ್ಲಿ ಬರೆದಿಟ್ಟರು. ಪರಂಪರೆಯಿಂದ ಬಂದ ಲಿಖಿತ ರೂಪವೂ ಓದಬೇಕಾದ ರೂಪವೂ ಬೇರೆಯಾದಾಗ ಅವರು ಮೂಲಪಂಕ್ತಿಯ ಅಕ್ಷರಗಳನ್ನು ಮುಟ್ಟಲಿಲ್ಲ. ಓದಬೇಕಾದುದನ್ನು ಅಂಚಿನಲ್ಲಿ ಸೂಚಿಸಿದರು. ಪಂಕ್ತಿಯಲ್ಲಿರುವುದಕ್ಕೆ ‘ಕೆತಿವ್’, ಅಂದರೆ ಬರೆದುದು ಎಂದೂ, ಅಂಚಿನಲ್ಲಿರುವುದಕ್ಕೆ ‘ಕೆರೆ’, ಅಂದರೆ ಓದತಕ್ಕುದು ಎಂದೂ ಹೆಸರು. ಕ್ರಿ.ಶ. ೧೦೦೮ರಲ್ಲಿ ಬರೆದು ಮುಗಿಸಿದ, ಈಗ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿರುವ ಸಂಪೂರ್ಣ ಪ್ರತಿಯಲ್ಲಿ ಈ ವ್ಯವಸ್ಥೆಯನ್ನು ಕಾಣಬಹುದು. ಮೂಲದ ಬಗೆಗಿನ ಭಕ್ತಿ, ಪಾಠದ ಬಗೆಗಿನ ವಿವೇಕ ಇವೆರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಅವರಿಗೆ ನೆರವಾದುದು ಅಂಚು.

ಅಂಚಿನ ಬರಹಕ್ಕೆ ಅರಸರೂ ಅಂಜಿದ ಉದಾಹರಣೆಯುಂಟು. ೧೫೬೦ರ ಜಿನೀವಾ ಬೈಬಲಿನ ಅಂಚುಗಳಲ್ಲಿ ವಿಸ್ತಾರವಾದ ಟಿಪ್ಪಣಿಗಳಿದ್ದವು. ಅರಸನ ಆಜ್ಞೆಯನ್ನು ಮೀರಿದವರನ್ನು ಸಮರ್ಥಿಸುವ ಟಿಪ್ಪಣಿಯೂ ಅವುಗಳಲ್ಲಿತ್ತು. ೧೬೦೪ರಲ್ಲಿ ಹ್ಯಾಂಪ್ಟನ್ ಕೋರ್ಟಿನಲ್ಲಿ ನಡೆದ ಸಭೆಯಲ್ಲಿ ದೊರೆ ಮೊದಲನೆಯ ಜೇಮ್ಸ್ ಇದನ್ನು ಆಕ್ಷೇಪಿಸಿದನು. ಹೊಸ ಅನುವಾದದಲ್ಲಿ ಹೀಬ್ರೂ, ಗ್ರೀಕ್ ಪದಗಳ ವಿವರಣೆಗೆ ಅವಶ್ಯವಾದುದರ ಹೊರತು ಅಂಚಿನಲ್ಲಿ ಏನೂ ಇರಕೂಡದೆಂದು ನಿಯಮವಾಯಿತು. ೧೬೧೧ರಲ್ಲಿ ಪ್ರಕಟವಾದ ಗ್ರಂಥದ ಅಂಚು ಹೀಗೆ ಮೌನವಾಯಿತು. ಅಂಚಿನ ಮಾತು ಗೌಣವೆಂದು ತಿಳಿದಿದ್ದರೆ ಅದನ್ನು ತೆಗೆಸುವ ಶ್ರಮವನ್ನು ಆ ದೊರೆ ತೆಗೆದುಕೊಳ್ಳುತ್ತಿರಲಿಲ್ಲ.

ಗಣಿತದ ಚರಿತ್ರೆಯಲ್ಲಿನ ಪ್ರಸಂಗವು ಎಲ್ಲರಿಗೂ ತಿಳಿದುದೇ ಆದರೂ ಅದರ ಒಂದು ಅಂಶ ನಮಗೆ ಮುಖ್ಯವಾದುದು. ಫ್ರಾನ್ಸಿನ ಫರ್ಮಾ ಎಂಬ ಗಣಿತಜ್ಞನು ಡಯೋಫಾಂಟಸನ ಗ್ರಂಥದ ೧೬೨೧ರ ಮುದ್ರಣದ ಪ್ರತಿಯೊಂದನ್ನು ಇಟ್ಟುಕೊಂಡು ಓದುತ್ತಿದ್ದನು. ಸುಮಾರು ೧೬೩೭ರಲ್ಲಿ ಅದರ ಅಂಚಿನಲ್ಲಿ ಒಂದು ಪ್ರಮೇಯವನ್ನು ಬರೆದು, ತನಗೆ ಸಾಧನೆ ತಿಳಿದಿದೆಯೆಂದೂ ಅಂಚಿನಲ್ಲಿ ಅದಕ್ಕೆ ಎಡೆ ಸಾಲದೆಂದೂ ಸೂಚಿಸಿದನು. ಆ ಪ್ರಮೇಯದ ಸಾಧನೆಯನ್ನು ಆಂಡ್ರೂ ವೈಲ್ಸ್ ಪೂರ್ಣಗೊಳಿಸಿದ್ದು ೧೯೯೪ರಲ್ಲಿ; ಅದು ಪ್ರಕಟವಾದದ್ದು ೧೯೯೫ರಲ್ಲಿ. ಫರ್ಮಾ ಬಳಸಿದ ಆ ಪ್ರತಿ ಇಂದು ಉಳಿದಿಲ್ಲ. ಅವನ ಮರಣಾನಂತರ ಮಗ ಸ್ಯಾಮ್ಯುಯಲ್ ೧೬೭೦ರಲ್ಲಿ ಆ ಗ್ರಂಥವನ್ನು ತಂದೆಯ ಅಂಚಿನ ಟಿಪ್ಪಣಿಗಳೊಡನೆ ಮುದ್ರಿಸಿದುದರಿಂದಲೇ ಆ ಮಾತು ನಮ್ಮವರೆಗೆ ಬಂದಿತು. ಮೂಲಗ್ರಂಥ ಡಯೋಫಾಂಟಸನದು, ಅಂಚಿನಲ್ಲಿರುವುದು ಓದುಗನ ಗೀಚು ಎಂದು ಆ ಮಗ ಭಾವಿಸಿದ್ದರೆ ಮೂರೂವರೆ ಶತಮಾನಗಳ ಗಣಿತ ಸಾಧನೆಯ ಒಂದು ಧಾರೆಯೇ ಹುಟ್ಟುತ್ತಿರಲಿಲ್ಲ.

ಇಂತಹ ಬರಹಗಳಿಗೆ ‘ಮಾರ್ಜಿನೇಲಿಯ’ ಎಂಬ ಹೆಸರನ್ನು ೧೮೧೯ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ರೂಢಿಗೆ ತಂದವನು ಕವಿ ಕೋಲ್‌ರಿಜ್. ಅವನಿಗೆ ಪುಸ್ತಕವನ್ನು ಎರವಲು ಕೊಟ್ಟ ಸ್ನೇಹಿತರು ಅವನು ಅಂಚಿನಲ್ಲಿ ಬರೆದು ಹಿಂದಿರುಗಿಸುವುದನ್ನು ಲಾಭವೆಂದೇ ಎಣಿಸುತ್ತಿದ್ದರು.

೫

ಹಾಗಾದರೆ ಅಮುಖ್ಯ ಎಂಬ ಅರ್ಥ ಬಂದುದು ಹೇಗೆ? ‘ಮಾರ್ಜಿನಲ್’ ಎಂಬ ವಿಶೇಷಣ ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಅಂಚಿನಲ್ಲಿ ಬರೆದುದು ಎಂದಷ್ಟೇ. ಹತ್ತೊಂಬತ್ತನೆಯ ಶತಮಾನದ ಅರ್ಥಶಾಸ್ತ್ರಜ್ಞರು ಈ ಪದವನ್ನು ಸ್ವೀಕರಿಸಿದರು. ಖರ್ಚನ್ನು ಮಾತ್ರ ತೀರಿಸಿ ಹೆಚ್ಚೇನನ್ನೂ ಕೊಡದ ಭೂಮಿ ಸಾಗುವಳಿಯ ‘ಮಾರ್ಜಿನ್’ ಎನಿಸಿತು. ಕೊನೆಯದಾಗಿ ಸೇರಿಸಿದ ಒಂದು ಘಟಕದಿಂದ ದೊರೆಯುವ ತೃಪ್ತಿಗೂ ಇದೇ ವಿಶೇಷಣ ಸಂದಿತು. ಜರ್ಮನ್ ಭಾಷೆಯಲ್ಲಿ ಅದಕ್ಕೆ ಗಡಿ ಎಂಬರ್ಥದ ಪದವನ್ನೇ ಬಳಸಿದ್ದಾರೆ. ಕನ್ನಡದ ಪಠ್ಯಗ್ರಂಥಕಾರರು ‘ಸೀಮಾಂತ ತುಷ್ಟಿಗುಣ’ ಎಂದು ಹೇಳಿರುವುದು ಮೂಲಾರ್ಥಕ್ಕೆ ಅನುಗುಣವಾದ ಅನುವಾದ. ಅರ್ಥಶಾಸ್ತ್ರದಲ್ಲಿ ಈ ಸೀಮಾಂತವು ಅಲ್ಪವಲ್ಲ, ನಿರ್ಣಾಯಕ. ಬೆಲೆ ನಿಶ್ಚಯವಾಗುವುದು ಅಲ್ಲಿ. ಆದರೆ ಎಲ್ಲೆಯ ಹತ್ತಿರವಿರುವುದು ಎಂಬುದು ಕ್ರಮೇಣ ಎಲ್ಲೆಯನ್ನು ಹೇಗೋ ಮುಟ್ಟಿದ್ದು ಎಂದೂ, ಅದರಿಂದ ಅತ್ಯಲ್ಪವಾದುದು ಎಂದೂ ಲೋಕದಲ್ಲಿ ಜಾರಿತು.

೧೯೨೮ರಲ್ಲಿ ಶಿಕಾಗೋದ ಸಮಾಜಶಾಸ್ತ್ರಜ್ಞ ರಾಬರ್ಟ್ ಪಾರ್ಕ್ ‘ಮಾರ್ಜಿನಲ್ ಮನುಷ್ಯ’ ಎಂಬ ಪರಿಭಾಷೆಯನ್ನು ಪ್ರಯೋಗಿಸಿದರು. ಎರಡು ಸಂಸ್ಕೃತಿಗಳ ಗಡಿಯಲ್ಲಿ ನಿಂತು, ಎರಡರಲ್ಲಿಯೂ ಪಾಲುಳ್ಳವನಾಗಿ, ಯಾವುದರಲ್ಲಿಯೂ ಪೂರ್ಣವಾಗಿ ಸೇರದವನು ಎಂಬುದು ಅವರ ಅಭಿಪ್ರಾಯ. ಅಲ್ಲಿಯೂ ಗಡಿಯ ಅರ್ಥವೇ ಪ್ರಧಾನ. ಅನಂತರದ ದಶಕಗಳಲ್ಲಿ ಅಧಿಕಾರದಿಂದ ದೂರ ಇಡಲ್ಪಟ್ಟವರು ಎಂಬ ಅರ್ಥ ಬಲವಾಯಿತು. ‘ಮಾರ್ಜಿನಲೈಸ್’ ಎಂಬ ಕ್ರಿಯಾಪದದ ಚರಿತ್ರೆ ಇದಕ್ಕೆ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕಿದ್ದ ಅರ್ಥ ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಬರೆಯುವುದು. ಇಪ್ಪತ್ತನೆಯ ಶತಮಾನದ ಅರ್ಥ ಮೂಲೆಗೆ ತಳ್ಳುವುದು. ಒಂದೇ ಪದ ನೂರಾರು ವರ್ಷಗಳೊಳಗೆ ಗಮನವಿಟ್ಟು ಓದುವುದರಿಂದ ಕಡೆಗಣಿಸುವುದಕ್ಕೆ ಬಂದು ನಿಂತಿದೆ. ಸಮಾಜದ ಅನ್ಯಾಯವನ್ನು ಹೇಳಲು ಈ ಅರ್ಥ ಉಪಯುಕ್ತವಾದುದೇ. ಅದನ್ನೇ ಹಸ್ತಪ್ರತಿಯ ಅಂಚಿಗೆ ಅನ್ವಯಿಸುವುದು ಮಾತ್ರ ದೋಷ.

೬

ಅಂಚು, ಎಲ್ಲೆ, ವ್ಯಾಖ್ಯಾನ ಈ ಮೂರೂ ಒಂದೇ ಪದದಲ್ಲಿ ಕೂಡುವುದು ಯುರೋಪಿನ ವಿಶೇಷವಲ್ಲ. ಅರಬ್ಬಿಯ ‘ಹಾಶಿಯಾ’ ಎಂಬ ಪದಕ್ಕೆ ಬಟ್ಟೆಯ ಅಂಚು, ಪುಟದ ಅಂಚು ಎಂಬ ಅರ್ಥಗಳಲ್ಲದೆ ಅಲ್ಲಿ ಬರೆಯುವ ಟಿಪ್ಪಣ ಎಂಬ ಅರ್ಥವೂ ಇದೆ. ಕ್ರಮೇಣ ವ್ಯಾಖ್ಯಾನದ ಮೇಲಿನ ವ್ಯಾಖ್ಯಾನಗ್ರಂಥಗಳಿಗೇ ಅದು ಹೆಸರಾಯಿತು. ಹಿಂದಿಯಲ್ಲಿ ಹಸ್ತಪ್ರತಿಯ ಅಂಚಿಗೆ ಇಂದಿಗೂ ಅದೇ ಪದ. ನಮ್ಮ ‘ಮರ್ಯಾದಾ’ ಶಬ್ದ ‘ಮಾರ್ಜಿನ್’ ಪದಕ್ಕೆ ರೂಪದಲ್ಲಿ ಸಂಬಂಧಿಯಲ್ಲದಿದ್ದರೂ ಅರ್ಥದಲ್ಲಿ ಬಹಳ ಹತ್ತಿರದ್ದು. ದಡ, ಸೀಮೆ ಎಂಬ ಅರ್ಥಗಳಿಂದ ಹೊರಟು ಅದು ಶಿಷ್ಟಾಚಾರ, ಗೌರವ ಎಂಬಲ್ಲಿಗೆ ಏರಿತು. ಪ್ರಾಕೃತದಲ್ಲಿ ಎಲ್ಲೆ ಎಂಬರ್ಥದ ‘ಮೇರಾ’, ಕನ್ನಡದ ‘ಮೇರೆ’ ಇವೂ ನಮಗೆ ಪರಿಚಿತವೇ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ದಿಗ್ವ್ರತವನ್ನು ನಿರೂಪಿಸುವಾಗ ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನ ಇವುಗಳನ್ನು ಮರ್ಯಾದೆಗಳೆಂದು ಎಣಿಸುತ್ತಾರೆ. ಗುರುತೇ ಗಡಿ, ಗಡಿಯೇ ಗುರುತು ಎಂಬ ‘ಮಾರ್ಕ್’ ಪದದ ಇತಿಹಾಸಕ್ಕೆ ಇದು ತಾನಾಗಿ ಒದಗುವ ಸಾದೃಶ್ಯ.

ಜೈನ ಭಂಡಾರಗಳ ಲಿಪಿಕಾರರು ಅಂಚನ್ನು ಹೇಗೆ ಕಂಡರು ಎಂಬುದನ್ನು ಪ್ರತಿಗಳೇ ಹೇಳುತ್ತವೆ. ಪಶ್ಚಿಮ ಭಾರತದ ಕಾಗದದ ಪ್ರತಿಗಳಲ್ಲಿ ಮೂಲವನ್ನು ನಡುವೆಯೂ ಟೀಕೆಯನ್ನು ಮೇಲೆ ಕೆಳಗೂ ಬರೆದರೆ ಅದು ತ್ರಿಪಾಠ. ನಾಲ್ಕು ಬದಿಗಳಲ್ಲಿಯೂ ಬರೆದರೆ ಪಂಚಪಾಠ. ಬಿಟ್ಟುಹೋದ ಅಕ್ಷರಗಳ ಸ್ಥಳದಲ್ಲಿ ಹಂಸಪದ ಅಥವಾ ಕಾಕಪದವನ್ನು ಇಟ್ಟು, ಆ ಅಕ್ಷರಗಳನ್ನು ಅಂಚಿನಲ್ಲಿ ತುಂಬುವುದು ಎಲ್ಲೆಡೆಯ ಪದ್ಧತಿ. ನಮ್ಮ ತಾಡಪತ್ರಗಳಲ್ಲಿ ಗರಿಯ ಸಂಖ್ಯೆ ಇರುವುದು ಅಂಚಿನಲ್ಲಿ. ಗರಿ ಸವೆಯುವುದು, ಮುರಿಯುವುದು, ಹುಳು ಹಿಡಿಯುವುದು ಸಾಮಾನ್ಯವಾಗಿ ಹೊರಬದಿಯಿಂದಲೇ ಮೊದಲಾಗುವುದರಿಂದ ಬರೆಯದೆ ಬಿಟ್ಟ ಆ ಸ್ಥಳ ಮೊದಲ ಪೆಟ್ಟನ್ನು ತಾನು ತಾಳಿಕೊಂಡು ಗ್ರಂಥವನ್ನು ಉಳಿಸುತ್ತದೆ. ಮರ್ಜ್‌ಬಾನನ ಕೆಲಸವೂ ಅದೇ ಆಗಿತ್ತಲ್ಲವೆ? ಆದರೆ ಇದರಲ್ಲಿಯೇ ಒಂದು ಕಷ್ಟವೂ ಇದೆ. ಗ್ರಂಥವನ್ನು ಕಾಯುವ ಸ್ಥಳ ಮೊದಲು ನಾಶವಾಗುವ ಸ್ಥಳವೂ ಹೌದು. ಲಿಪಿಕಾರನು ತನ್ನ ತಿದ್ದುಪಡಿಯನ್ನು ಇಟ್ಟಿರುವುದು ಅಲ್ಲಿ.

ಅಂಚಿನ ಸೂಚನೆಯ ಬೆಲೆಯನ್ನು ನಮ್ಮ ಕಾಲದಲ್ಲಿ ತೋರಿಸಿಕೊಟ್ಟುದು ಧವಲಾ ಗ್ರಂಥದ ಮುದ್ರಣ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ ೧೯೩೯ರಲ್ಲಿ ಅಮರಾವತಿಯಿಂದ ಪ್ರಕಟವಾದಾಗ ಸಂಪಾದಕರ ಕೈಯಲ್ಲಿದ್ದುವು ಮೂಡಬಿದಿರೆಯ ತಾಡಪತ್ರಗಳಲ್ಲ, ಅವುಗಳಿಂದ ಪರಂಪರೆಯಾಗಿ ಇಳಿದ ನಕಲುಗಳು. ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಆ ನಕಲುಗಳಲ್ಲಿರಲಿಲ್ಲ. ಟೀಕೆಯ ವಿಚಾರಸರಣಿಯನ್ನು ನೋಡಿದ ಸಂಪಾದಕರಿಗೆ ಆ ಪದವಿರಬೇಕೆಂದು ತೋರಿತು. ಅವರು ಅದನ್ನು ಸೂತ್ರದೊಳಗೆ ಸೇರಿಸಲಿಲ್ಲ. ಸುಮ್ಮನೆ ಬಿಡಲೂ ಇಲ್ಲ. ಪುಟದ ಕೆಳ ಅಂಚಿನ ಟಿಪ್ಪಣಿಯಲ್ಲಿ ಪಾಠಶೇಷವೆಂದು ಸೂಚಿಸಿದರು. ಅದರಿಂದ ಎಷ್ಟು ವಾದವಿವಾದಗಳು ಎದ್ದುವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಮುಂದೆ ಮೂಡಬಿದಿರೆಯ ತಾಡಪತ್ರ ಪ್ರತಿಯನ್ನು ನೋಡಲು ಅವಕಾಶವಾದಾಗ ಆ ಪದ ಅಲ್ಲಿದ್ದುದು ಕಂಡುಬಂದಿತು. ಸೂತ್ರದ ತಾತ್ಪರ್ಯದ ಚರ್ಚೆ ಇಲ್ಲಿ ಪ್ರಕೃತವಲ್ಲ. ಒಂದು ಪದವನ್ನು ಮೂಲಕ್ಕೆ ಒಯ್ಯಲು ಪ್ರಮಾಣ ಸಾಲದು, ಬಿಟ್ಟುಬಿಡಲು ಮನಸ್ಸಾಕ್ಷಿ ಒಪ್ಪದು ಎಂಬ ಸ್ಥಿತಿಯಲ್ಲಿ ಪ್ರಾಮಾಣಿಕನಾದ ಸಂಪಾದಕನು ನಿಲ್ಲುವ ಸ್ಥಳ ಅಂಚು ಎಂಬುದಷ್ಟೇ ಇಲ್ಲಿಯ ವಿಷಯ.

೭

ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುವುದು ಉಚಿತ. ಇಪ್ಪತ್ತೈದು ವರ್ಷಗಳ ಹಿಂದೆ ಒಂದು ಬಸದಿಯ ಭಂಡಾರದಲ್ಲಿ ಕನ್ನಡ ಟೀಕೆಯೊಂದನ್ನು ಪ್ರತಿಮಾಡುತ್ತಿದ್ದೆ. ಒಂದು ಗರಿಯ ಬಲ ಅಂಚಿನಲ್ಲಿ ಹತ್ತು ಹನ್ನೆರಡು ಸಣ್ಣ ಅಕ್ಷರಗಳಿದ್ದವು. ಮಸಿ ಸರಿಯಾಗಿ ಹಿಡಿಯದೆ ಅವು ಮಬ್ಬಾಗಿದ್ದವು. ಯಾರೋ ಅನಂತರ ಕೊರೆದಿರಬೇಕೆಂದು ಊಹಿಸಿ ನಾನು ಅವುಗಳನ್ನು ಬರೆದುಕೊಳ್ಳಲಿಲ್ಲ. ಮನೆಗೆ ಬಂದು ಶುದ್ಧಪ್ರತಿ ಮಾಡುವಾಗ ಆ ಗರಿಯ ಒಂದು ವಾಕ್ಯ ಅನ್ವಯವಾಗಲಿಲ್ಲ. ‘ಇಲ್ಲಿ ಗ್ರಂಥಪಾತವಿದೆ; ಲಿಪಿಕಾರನ ಅನವಧಾನ’ ಎಂದು ಟಿಪ್ಪಣಿ ಬರೆದು ಮುಗಿಸಿದೆ. ಕಳೆದ ವರ್ಷ ಅದೇ ಕಟ್ಟನ್ನು ಮತ್ತೆ ಬಿಚ್ಚುವ ಸಂದರ್ಭ ಬಂದಿತು. ಆ ವಾಕ್ಯದ ನಡುವೆ ಪಂಕ್ತಿಯ ಮೇಲೆ ಕೂದಲೆಳೆಯಷ್ಟು ಸಣ್ಣದಾದ ಹಂಸಪದವಿದ್ದುದನ್ನು ಆಗ ಕಂಡೆ. ಕೂಡಲೇ ಬಲ ಅಂಚನ್ನು ನೋಡಿದೆ. ಗರಿಯ ಆ ತುದಿ ಮುರಿದು ಹೋಗಿತ್ತು. ಎರಡು ಅಕ್ಷರಗಳ ಎಡ ಭಾಗ ಮಾತ್ರ ಉಳಿದಿತ್ತು. ಆ ಟೀಕೆಯ ಬೇರೆ ಪ್ರತಿ ನನಗೆ ದೊರೆತಿಲ್ಲ. ಲಿಪಿಕಾರನು ತನ್ನ ತಪ್ಪನ್ನು ತಾನೇ ಕಂಡು, ತಿದ್ದಿ, ಗುರುತಿಟ್ಟು ಹೋಗಿದ್ದನು. ಅನವಧಾನ ಅವನದಾಗಿರಲಿಲ್ಲ.

ಆದ್ದರಿಂದ ಸೂಚಿಕಾರರಲ್ಲಿಯೂ ಸಂಪಾದಕರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು. ‘ಮಾರ್ಜಿನ್’ ಅಂಕಣದಲ್ಲಿ ಅಳತೆಯೊಂದನ್ನೇ ಬರೆಯದೆ, ಅಲ್ಲಿ ಅಕ್ಷರಗಳಿವೆಯೆ, ಎಷ್ಟು ಗರಿಗಳಲ್ಲಿವೆ, ಮೊದಲ ಲಿಪಿಕಾರನದೇ ಕೈಯೋ ಬೇರೆಯದೋ, ಪಂಕ್ತಿಯಲ್ಲಿ ಅವುಗಳಿಗೆ ಸಂವಾದಿಯಾದ ಹಂಸಪದವುಂಟೆ ಎಂಬುದನ್ನು ನಮೂದಿಸಬೇಕು. ಗರಿಗಳ ಛಾಯಾಚಿತ್ರ ತೆಗೆಯುವಾಗ ಗರಿಯ ಸುತ್ತ ಒಂದು ಬೆರಳಿನಷ್ಟು ಹೆಚ್ಚಿನ ಸ್ಥಳವನ್ನು ಸೇರಿಸಿಕೊಳ್ಳಬೇಕು. ಚಿತ್ರವನ್ನು ಅಂದಗಾಣಿಸಲು ಅಂಚನ್ನು ಕತ್ತರಿಸಕೂಡದು. ಅಂಚಿನ ಪಾಠವನ್ನು ಮೂಲದೊಳಗೆ ತಂದಾಗ ಅದು ಅಂಚಿನಿಂದ ಬಂದುದೆಂದು ಹೇಳಬೇಕು. ತಾರದೆ ಬಿಟ್ಟಾಗಲೂ ಅದಿತ್ತೆಂದು ಹೇಳಬೇಕು.

ನನ್ನ ವಿದ್ಯಾರ್ಥಿ ಬಿಟ್ಟಿದ್ದ ಅಂಚಿನ ಅಕ್ಷರಗಳನ್ನು ನಾವಿಬ್ಬರೂ ಕೂಡಿ ಓದಿದೆವು. ಏಳು ಕಡೆಗಳಲ್ಲಿ ಅವು ಪಂಕ್ತಿಗೆ ಸೇರತಕ್ಕ ಪಾಠಗಳೇ ಆಗಿದ್ದುವು. ದಿಗ್ವ್ರತದ ಅತಿಚಾರಗಳನ್ನು ಹೇಳುವಾಗ ಸೂತ್ರಕಾರರು ಮೇರೆಯನ್ನು ಮೀರುವುದರ ಜೊತೆಗೆ ಸ್ಮೃತ್ಯಂತರಾಧಾನವನ್ನೂ, ಅಂದರೆ ಇಟ್ಟುಕೊಂಡ ಮೇರೆಯನ್ನು ಮರೆಯುವುದನ್ನೂ ಸೇರಿಸಿದ್ದಾರೆ. ಹಸ್ತಪ್ರತಿಗಳ ಕೆಲಸದಲ್ಲಿ ನಮ್ಮಿಂದ ಹೆಚ್ಚಾಗಿ ನಡೆಯುವುದು ಈ ಎರಡನೆಯ ಬಗೆಯ ಅತಿಚಾರ. ವಿದ್ವಜ್ಜನರು ವಿಚಾರಿಸಬೇಕು.